ಗಾಳಿಯ ಲೆಕ್ಕ

ಕನ್ನಡದ ಆಡುಮಾತಿನಲ್ಲಿ ಗಾಳಿಗೆ ಮರ್ಯಾದೆ ಕಡಮೆ. ಆಧಾರವಿಲ್ಲದ ಸುದ್ದಿಯನ್ನು ಜನ ಗಾಳಿಮಾತು ಎನ್ನುತ್ತಾರೆ. ಕೈಗೂಡದ ಆಸೆ ಗಾಳಿಗೋಪುರವಾಗುತ್ತದೆ. ಹಿರಿಯರ ಬುದ್ಧಿವಾದವನ್ನು ಲೆಕ್ಕಿಸದವನು ಅದನ್ನು ಗಾಳಿಗೆ ತೂರಿದನೆಂದು ಹೇಳುತ್ತಾರೆ. ನೀರಿನ ವಿಷಯ ಹಾಗಲ್ಲ. ನೀರಿಗೆ ಕೊಡ, ಬಿಂದಿಗೆ, ತೊಟ್ಟಿ, ಕೆರೆ ಎಂಬ ಅಳತೆಗಳುಂಟು; ಸರದಿ ಉಂಟು, ಜಗಳ ಉಂಟು, ಜಗಳವನ್ನು ತೀರಿಸಲು ಪಂಚಾಯಿತಿಯೂ ಉಂಟು. ಬೇಸಗೆಯ ದಿನಗಳಲ್ಲಿ ಮನೆಯ ಹೆಣ್ಣುಮಗಳು ಇನ್ನೆಷ್ಟು ಕೊಡ ನೀರು ಉಳಿದಿದೆಯೆಂಬುದನ್ನು ಕಣ್ಣಳತೆಯಲ್ಲೇ ಹೇಳಬಲ್ಲಳು. ಅದೇ ಮನೆಯೊಳಗೆ ಎಷ್ಟು ಗಾಳಿ ಇದೆಯೆಂದು ಕೇಳಿದರೆ ಆಕೆ ಮಾತ್ರವಲ್ಲ, ಓದಿದ ಮಗನೂ ನಕ್ಕು ಸುಮ್ಮನಾಗುತ್ತಾನೆ. ಮನುಷ್ಯನೊಬ್ಬನು ದಿನಕ್ಕೆ ಕುಡಿಯುವ ನೀರು ಎರಡು ಮೂರು ಲೀಟರು. ಅವನು ಉಸಿರಾಡುವ ಗಾಳಿ ಸುಮಾರು ಹತ್ತು ಸಾವಿರ ಲೀಟರು. ಮೊದಲನೆಯದಕ್ಕೆ ಲೆಕ್ಕವಿದೆ, ಎರಡನೆಯದಕ್ಕೆ ಇಲ್ಲ.

ಈ ಉದಾಸೀನ ಆಡುಮಾತಿನಲ್ಲಷ್ಟೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಪಾಠಶಾಲೆಯನ್ನೂ ಹೊಕ್ಕಿದೆ. ಘನವಸ್ತುವಿಗೆ ನಿರ್ದಿಷ್ಟವಾದ ಆಕಾರವೂ ಗಾತ್ರವೂ ಉಂಟು. ದ್ರವಕ್ಕೆ ಗಾತ್ರವುಂಟು, ಆಕಾರವಿಲ್ಲ. ಅನಿಲಕ್ಕೆ ಆಕಾರವೂ ಇಲ್ಲ, ಗಾತ್ರವೂ ಇಲ್ಲ. ಈ ಮೂರು ವಾಕ್ಯಗಳನ್ನು ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಒಪ್ಪಿಸಿ ಅಂಕಗಳನ್ನು ಪಡೆಯುತ್ತಾರೆ. ವಾಕ್ಯಗಳಲ್ಲಿ ತಪ್ಪಿಲ್ಲ. ಆದರೆ ‘ಇಲ್ಲ, ಇಲ್ಲ’ ಎಂದೇ ಮುಗಿಯುವ ಪಾಠವನ್ನು ಕೇಳಿದ ಎಳೆಯ ಮನಸ್ಸಿನಲ್ಲಿ ಅನಿಲವೆಂದರೆ ಏನೂ ಇಲ್ಲದ್ದು ಎಂಬ ಭಾವನೆ ಬೇರೂರಿಬಿಡುತ್ತದೆ. ಅನಿಲಕ್ಕೆ ತೂಕವುಂಟು, ಅದನ್ನು ತುಂಬಬೇಕು, ಹೊರಬೇಕು, ದೂರದೂರಿಂದ ತರಿಸಬೇಕು, ಬಳಸಿದರೆ ಅದು ಮುಗಿದುಹೋಗುತ್ತದೆ. ಪಾಠದ ಈ ಉಳಿದರ್ಧವೇ ಬದುಕಿಗೆ ಬೇಕಾದದ್ದು. ಅದನ್ನು ಕಲಿಸದೆ ಬಿಟ್ಟರೆ ಮೊದಲರ್ಧವನ್ನು ಕಲಿಸಿದ್ದರಿಂದ ಆಗುವ ಪ್ರಯೋಜನ ಸ್ವಲ್ಪವೇ.

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯ ಕಡೆಗೆ ಒಮ್ಮೆ ನೋಡಬಹುದು. ಅರಿಶಿನ, ಬಾಳೆ, ಕಬ್ಬುಗಳನ್ನು ಬೆಳೆಯುವ ಸೀಮೆ ಅದು. ಸಂಕ್ರಾಂತಿ ಕಳೆದ ಮೇಲೆ ಈ ಕಡೆಯ ಹೊಲಗಳಲ್ಲಿ ಅರಿಶಿನ ಬೇಯಿಸುವ ಕೆಲಸ ಮೊದಲಾಗುತ್ತದೆ. ಕಿತ್ತ ಗೆಡ್ಡೆಗಳನ್ನು ದೊಡ್ಡ ಕೊಪ್ಪರಿಗೆಗಳಲ್ಲಿ ತುಂಬಿ, ಅವು ಮುಳುಗುವಷ್ಟು ನೀರೆರೆದು, ಮೇಲೆ ಗೋಣಿತಾಟನ್ನೋ ಎಲೆಗಳನ್ನೋ ಹೊದಿಸಿ ಉರಿ ಹಾಕುತ್ತಾರೆ. ಈಚಿನ ವರ್ಷಗಳಲ್ಲಿ ಹಬೆಯಿಂದಲೇ ಬೇಯಿಸುವ ಯಂತ್ರಗಳೂ ಬಂದಿವೆ. ಕೊಪ್ಪರಿಗೆಯಲ್ಲಿ ನೊರೆಯುಕ್ಕಿ, ಬಿಳಿಯ ಆವಿ ಅರಿಶಿನದ ವಾಸನೆಯನ್ನು ಹೊತ್ತು ಮೇಲೆದ್ದಾಗ, ಕೆಲಸ ಬಲ್ಲ ಮುದುಕನು ಒಂದು ಕಡ್ಡಿಯಿಂದ ಗೆಡ್ಡೆಯನ್ನು ಚುಚ್ಚಿ ನೋಡಿ, ಉರಿಯನ್ನು ಹೊರಗೆಳೆಯುವಂತೆ ಹೇಳುತ್ತಾನೆ. ಮೇಲೆ ಹೊದಿಸಿದ ಗೋಣಿತಾಟು ಏತಕ್ಕೆಂದು ಕೇಳಿದರೆ, ಹಬೆ ಹೋಗದಿರಲಿ ಎಂದು ಎಂಬುದು ಅವನ ಉತ್ತರ. ಒಂದು ಲೀಟರು ನೀರು ಕುದಿದು ಹಬೆಯಾದಾಗ ಸುಮಾರು 1,700 ಲೀಟರಿನಷ್ಟು ಜಾಗವನ್ನು ಬೇಡುತ್ತದೆಂಬ ಅಂಕಿ ಅವನಿಗೆ ತಿಳಿಯದು. ಆದರೆ ಹಬೆಯೂ ಒಂದು ಪದಾರ್ಥ, ಅದು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ, ತಡೆದು ನಿಲ್ಲಿಸಿದರೆ ಸೌದೆ ಉಳಿಯುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ಅವನ ಮೊಮ್ಮಗನು ಶಾಲೆಯಲ್ಲಿ ‘ಬಾಷ್ಪೀಕರಣ’ ಎಂಬ ಪದವನ್ನು ಕಾಗುಣಿತದ ತಪ್ಪಿಲ್ಲದೆ ಬರೆಯುತ್ತಾನೆ. ಈ ಎರಡು ತಿಳಿವಳಿಕೆಗಳು ಒಂದೇ ಮನೆಯಲ್ಲಿದ್ದರೂ ಒಂದನ್ನೊಂದು ಮಾತನಾಡಿಸುವುದಿಲ್ಲ.

ಆ 1,700 ಎಂಬ ಅಂಕಿಯಲ್ಲಿ ಬೆರಗಿದೆ. ನೀರು ದ್ರವವಾಗಿದ್ದಾಗ ಅದರ ಅಣುಗಳು ಸಂತೆಯ ಜನರಂತೆ ಒಂದಕ್ಕೊಂದು ತಗಲಿಕೊಂಡೇ ಓಡಾಡುತ್ತವೆ. ಹಬೆಯಾದಾಗ ಅವು ಪರಸ್ಪರ ಸುಮಾರು ಹನ್ನೆರಡು ಪಟ್ಟು ದೂರಕ್ಕೆ ಸರಿಯುತ್ತವೆ. ಹನ್ನೆರಡು ದೊಡ್ಡ ಸಂಖ್ಯೆಯಲ್ಲ. ಆದರೆ ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಹನ್ನೆರಡು ಪಟ್ಟು ಸರಿದಾಗ ಒಟ್ಟು ಗಾತ್ರ ಸಾವಿರದೇಳುನೂರು ಪಟ್ಟಾಗುತ್ತದೆ. ಅಣುಗಳ ಸಂಖ್ಯೆ ಮಾತ್ರ ಒಂದೂ ಹೆಚ್ಚಲಿಲ್ಲ, ಒಂದೂ ಕಡಮೆಯಾಗಲಿಲ್ಲ. ತೂಕವೂ ಅಷ್ಟೇ. ದ್ರವವೆಂದರೆ ಮಡಿಸಿಟ್ಟ ಅನಿಲ, ಅನಿಲವೆಂದರೆ ಬಿಚ್ಚಿ ಹರಡಿದ ದ್ರವ ಎಂದುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗುತ್ತವೆ.

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? 100 ಡಿಗ್ರಿ ಸೆಲ್ಸಿಯಸ್ ಎಂದು ಇಡೀ ತರಗತಿ ಕೂಗಿ ಹೇಳುತ್ತದೆ. ಇದು ಸಮುದ್ರಮಟ್ಟದ ಉತ್ತರ. ಚಾಮರಾಜನಗರದ ಬಯಲು ಸಮುದ್ರಮಟ್ಟಕ್ಕಿಂತ ನೂರಾರು ಮೀಟರುಗಳ ಎತ್ತರದಲ್ಲಿದೆ. ಅಲ್ಲಿ ಮೇಲಿನಿಂದ ಒತ್ತುವ ಗಾಳಿಯ ಭಾರ ಸ್ವಲ್ಪ ಕಡಮೆ. ಆದ್ದರಿಂದ ಚಂದಕವಾಡಿಯ ಒಲೆಯ ಮೇಲೆ ನೀರು 97 ಅಥವಾ 98 ಡಿಗ್ರಿಗೇ ಕುದಿದುಬಿಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಮೇಲೆ ಇನ್ನೂ ಮೊದಲೇ ಕುದಿಯುತ್ತದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಈ ಊರಿನ ಹುಡುಗಿಯೊಬ್ಬಳು ಉಷ್ಣತಾಮಾಪಕವನ್ನಿಟ್ಟು ನೋಡಿ 97 ಎಂದು ಬರೆದರೆ, ಮಾಪಕ ಕೆಟ್ಟಿದೆಯೆಂದು ಹೇಳಿ 100 ಎಂದು ತಿದ್ದಿಸುವವರೇ ಹೆಚ್ಚು. ತಿದ್ದಬೇಕಾದದ್ದು ಅವಳ ಉತ್ತರವನ್ನಲ್ಲ. ಆ ಮೂರು ಡಿಗ್ರಿಗಳ ವ್ಯತ್ಯಾಸ ಗಾಳಿಗೆ ಭಾರವಿದೆಯೆಂಬುದಕ್ಕೆ ಒಲೆಯೇ ಬರೆದುಕೊಟ್ಟ ಸಾಕ್ಷಿ. ಎಂಟು ಮೀಟರು ಉದ್ದ, ಆರು ಮೀಟರು ಅಗಲ, ಮೂರು ಮೀಟರು ಎತ್ತರದ ತರಗತಿಯ ಕೋಣೆಯೊಂದರಲ್ಲಿ ಇರುವ ಗಾಳಿಯನ್ನು ತೂಗಲು ಸಾಧ್ಯವಾದರೆ ಅದು ಸುಮಾರು ಒಂದೂವರೆ ಕ್ವಿಂಟಾಲು ತೂಗುತ್ತದೆ. ಬೀಗ ಹಾಕಿದ ಆ ಕೋಣೆಯನ್ನು ಜನ ಖಾಲಿ ಎನ್ನುತ್ತಾರೆ.

ಖಾಲಿ ಎಂಬ ಈ ಮಾತೇ ಎಷ್ಟೋ ಜೀವಗಳನ್ನು ತೆಗೆದುಕೊಂಡಿದೆ. ಬತ್ತಿದ ಬಾವಿ, ಬಹುಕಾಲ ಮುಚ್ಚಿಟ್ಟ ಹಗೇವು, ಸಗಣಿಯ ಗುಂಡಿ ಇವುಗಳನ್ನು ಖಾಲಿಯೆಂದು ತಿಳಿದು ಒಬ್ಬನು ಇಳಿಯುತ್ತಾನೆ. ಇಳಿದವನು ಕೂಗಿಗೆ ಓಗೊಡುವುದಿಲ್ಲ. ಅವನನ್ನು ಎತ್ತಲೆಂದು ಅಣ್ಣನೋ ತಮ್ಮನೋ ಇಳಿಯುತ್ತಾನೆ; ಅವನೂ ಏಳುವುದಿಲ್ಲ. ಅಲ್ಲಿ ನೀರಿರಲಿಲ್ಲ, ಧಾನ್ಯವಿರಲಿಲ್ಲ, ಆದರೆ ಗುಂಡಿ ಖಾಲಿಯಾಗಿರಲಿಲ್ಲ. ಕೊಳೆಯುವ ಕಸಕಡ್ಡಿ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಹೊರಹಾಕಿರುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಆ ಅನಿಲ ನೀರಿನಂತೆಯೇ ತಳದಲ್ಲಿ ನಿಲ್ಲುತ್ತದೆ. ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಬಿಡುವ ಹಳೆಯ ಪದ್ಧತಿಯೊಂದಿತ್ತು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಹಿರಿಯರ ಆ ಎಚ್ಚರ ಮೆಚ್ಚತಕ್ಕದ್ದೇ. ಆದರೆ ಅದನ್ನು ಇಂದು ಅನುಸರಿಸುವುದು ಸರಿಯಲ್ಲ. ಸಗಣಿಯ ಗುಂಡಿಯಲ್ಲಿಯೂ ಒಳಚರಂಡಿಯಲ್ಲಿಯೂ ಹೊತ್ತಿಕೊಳ್ಳುವ ಮೀಥೇನ್ ಇರಬಹುದು, ದೀಪವನ್ನು ಆರಿಸದೆ ಮನುಷ್ಯನನ್ನು ಮಾತ್ರ ಕೊಲ್ಲುವ ವಿಷಾನಿಲವೂ ಇರಬಹುದು. ಅಂಥ ಕಡೆ ಅಗ್ನಿಶಾಮಕ ದಳದವರನ್ನು ಕರೆಸದೆ ಇಳಿಯುವುದು ಧೈರ್ಯವೆನಿಸದು.

ಇನ್ನು ಎಲ್ಲರ ಅಡಿಗೆಮನೆಯಲ್ಲಿರುವ ಗ್ಯಾಸ್ ಸಿಲಿಂಡರನ್ನು ಗಮನಿಸಬೇಕು. ಹೆಸರು ಗ್ಯಾಸ್, ಒಳಗಿರುವುದು ಬಹುಮಟ್ಟಿಗೆ ದ್ರವ. ಅಲುಗಿಸಿದರೆ ಕುಲುಕುವ ಶಬ್ದ ಕೇಳುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಇಂಧನ ತುಂಬಿರುತ್ತಾರೆ. ಒಲೆ ಹಚ್ಚಿದಾಗ ಮೇಲ್ಭಾಗದ ಅನಿಲ ಹೊರಗೆ ಹೋಗುತ್ತದೆ. ಕೆಳಗಿನ ದ್ರವ ಅಷ್ಟೇ ಆವಿಯಾಗಿ ಆ ಜಾಗವನ್ನು ತುಂಬುತ್ತದೆ. ಹೀಗಾಗಿ ಒಳಗಿನ ಒತ್ತಡ ಮೊದಲ ದಿನ ಎಷ್ಟಿತ್ತೋ ಕೊನೆಯ ವಾರದಲ್ಲಿಯೂ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಒತ್ತಡವನ್ನು ಅಳೆದು ಎಷ್ಟು ಉಳಿದಿದೆಯೆಂದು ಹೇಳಲು ಬರುವುದಿಲ್ಲ, ತೂಗಿಯೇ ನೋಡಬೇಕು. ಗೃಹಿಣಿಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈಯನ್ನು ಒರೆಸಿ ನೋಡುತ್ತಾರೆ. ದ್ರವವಿರುವ ಭಾಗ ತಂಪಾಗಿದ್ದು ತಡವಾಗಿ ಒಣಗುತ್ತದೆ, ಮೇಲಿನ ಭಾಗ ಬೇಗ ಒಣಗುತ್ತದೆ. ಯಾವ ಪ್ರಯೋಗಶಾಲೆಯೂ ನಾಚಬೇಕಾಗಿಲ್ಲದಂಥ ಪ್ರಯೋಗ ಇದು.

ಆಸ್ಪತ್ರೆಯ ಆಮ್ಲಜನಕದ ಸಿಲಿಂಡರು ನೋಡಲು ಇದರ ಬಂಧುವಿನಂತಿದ್ದರೂ ಗುಣದಲ್ಲಿ ಬೇರೆ. ಅದರಲ್ಲಿ ದ್ರವದ ಹನಿಯೂ ಇಲ್ಲ. ಎಷ್ಟೇ ಒತ್ತಿದರೂ ನಮ್ಮ ಊರುಗಳ ಉಷ್ಣತೆಯಲ್ಲಿ ಆಮ್ಲಜನಕ ದ್ರವವಾಗುವುದಿಲ್ಲ. ಪ್ರತಿಯೊಂದು ಅನಿಲಕ್ಕೂ ಒಂದು ಗಡಿ ಉಷ್ಣತೆ ಉಂಟು, ಅದಕ್ಕಿಂತ ಬಿಸಿಯಾಗಿದ್ದರೆ ಯಾವ ಒತ್ತಡವೂ ಅದನ್ನು ದ್ರವವಾಗಿಸಲಾರದು ಎಂಬುದನ್ನು ಐರ್ಲೆಂಡಿನ ಥಾಮಸ್ ಆಂಡ್ರೂಸ್ 1869ರಲ್ಲಿ ತೋರಿಸಿಕೊಟ್ಟನು. ಅಡಿಗೆ ಅನಿಲದ ಗಡಿ ಬಹಳ ಮೇಲಿದೆ. ಒತ್ತಿದರೆ ಸಾಕು, ದ್ರವವಾಗುತ್ತದೆ. ಆಮ್ಲಜನಕದ ಗಡಿ ಸೊನ್ನೆಗಿಂತ ಸುಮಾರು 119 ಡಿಗ್ರಿ ಕೆಳಗೆ. ಆದ್ದರಿಂದ 46ರಿಂದ 47 ಲೀಟರು ನೀರು ಹಿಡಿಯುವ ಉಕ್ಕಿನ ಸಿಲಿಂಡರಿನೊಳಗೆ ಅದನ್ನು ವಾತಾವರಣದ ಒತ್ತಡದ 150 ಪಟ್ಟು ಒತ್ತಿ ಅನಿಲವಾಗಿಯೇ ತುಂಬುತ್ತಾರೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು: ಉಷ್ಣತೆ ಬದಲಾಗದಿದ್ದರೆ, ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆಯೋ ಗಾತ್ರ ಅಷ್ಟು ಪಟ್ಟು ಕುಗ್ಗುತ್ತದೆ. ಆ ಲೆಕ್ಕದಂತೆ ದೊಡ್ಡ ಸಿಲಿಂಡರು ಒಂದರಿಂದ ಹೊರಬರುವ ಆಮ್ಲಜನಕ ಸುಮಾರು 7,000 ಲೀಟರು. ಇಲ್ಲಿ ಒತ್ತಡಮಾಪಕ ಸುಳ್ಳು ಹೇಳುವುದಿಲ್ಲ. ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಪ್ರಾಣವಾಯುವೂ ಅರ್ಧಕ್ಕೆ ಇಳಿದಿದೆ.

ಪ್ರಾಣವಾಯು ಎಂಬ ಹೆಸರು ಇಲ್ಲಿ ತಾನಾಗಿ ಬಂತು. ಪಠ್ಯಪುಸ್ತಕದ ‘ಆಮ್ಲಜನಕ’ ಎಂಬ ಪದಕ್ಕಿಂತ ಇದೇ ಸೊಗಸೆನ್ನಬೇಕು. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಫ್ರಾನ್ಸಿನ ಲವಾಸಿಯೆ ತಪ್ಪಾಗಿ ಭಾವಿಸಿ ಇಟ್ಟ ಗ್ರೀಕ್ ಹೆಸರನ್ನು ಕನ್ನಡಕ್ಕೆ ತಂದಾಗ ಆ ತಪ್ಪೂ ಜೊತೆಗೇ ಬಂದಿತು. ಈಗ ಅದು ರೂಢಿಯಾಗಿದೆ, ಬದಲಾಯಿಸುವಂತಿಲ್ಲ.

ಏಳು ಸಾವಿರ ಲೀಟರೆಂದರೆ ಬಹಳವೆಂದು ತೋರುತ್ತದೆ. ಉಸಿರಾಟದ ಗಂಭೀರ ತೊಂದರೆಯಿರುವ ರೋಗಿಗೆ ನಿಮಿಷಕ್ಕೆ 10 ಲೀಟರು ಕೊಡಬೇಕಾಗಿ ಬಂದರೆ ಒಂದು ಸಿಲಿಂಡರು 700 ನಿಮಿಷ, ಎಂದರೆ ಹನ್ನೆರಡು ಗಂಟೆಗೂ ಕಡಮೆ ಬರುತ್ತದೆ. ನಿಮಿಷಕ್ಕೆ 60 ಲೀಟರು ಬೇಡುವ ಯಂತ್ರಗಳೂ ಇವೆ. ಅವುಗಳಿಗೆ ಜೋಡಿಸಿದರೆ ಎರಡು ಗಂಟೆಯೊಳಗೆ ಬರಿದು. ಒಂದು ಆಸ್ಪತ್ರೆಯಲ್ಲಿ ಅಂಥ ರೋಗಿಗಳು ನೂರು ಮಂದಿ ಇದ್ದು, ತಲೆಗೆ ನಿಮಿಷಕ್ಕೆ 10 ಲೀಟರಿನಂತೆ ಬೇಕೆಂದು ಊಹಿಸಿಕೊಂಡರೆ, ಏಳು ನಿಮಿಷಕ್ಕೊಂದು ಸಿಲಿಂಡರು ಮುಗಿಯುತ್ತದೆ. ರಾತ್ರಿಯ ಎಂಟು ಗಂಟೆಗಳಲ್ಲಿ ಅರವತ್ತೆಂಟು. ಸಿಲಿಂಡರು ತರುವ ವಾಹನ ಒಂದು ಗಂಟೆ ತಡವಾದರೆ ಎಂಟು ಒಂಬತ್ತು ಸಿಲಿಂಡರುಗಳ ಕೊರತೆ. ಇದು ಕೂಡಿಸಿ ಕಳೆದು ಗುಣಿಸಿ ಭಾಗಿಸುವ ಲೆಕ್ಕ. ಇದಕ್ಕಿಂತ ಕಷ್ಟವಾದುವನ್ನು ಏಳನೆಯ ತರಗತಿಯಲ್ಲೇ ಮಾಡಿಸುತ್ತಾರೆ.

ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಲೆಕ್ಕ ತಪ್ಪಿತು. ಆಮ್ಲಜನಕದ ಸಿಲಿಂಡರುಗಳು ಸುಮಾರು 60 ಕಿಲೋಮೀಟರು ದೂರದ ಮೈಸೂರಿನಿಂದ ಬರಬೇಕಾಗಿತ್ತು. ಬೇಕಾದಷ್ಟು ಬರಲಿಲ್ಲ, ಬೇಕಾದ ಹೊತ್ತಿಗೆ ಬರಲಿಲ್ಲ. ಆ ರಾತ್ರಿಯಿಂದ ಮರುದಿನದವರೆಗೆ 24 ಮಂದಿ ರೋಗಿಗಳು ತೀರಿಹೋದರು. ಆಮ್ಲಜನಕದ ಕೊರತೆಯಿಂದ ಸತ್ತವರು ಎಷ್ಟು ಮಂದಿ ಎಂಬುದರ ಮೇಲೆ ಬಹಳ ವಾದವಿವಾದಗಳು ನಡೆದವು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು ಆ 24 ಸಾವುಗಳಿಗೂ ಆಮ್ಲಜನಕದ ಕೊರತೆಯೇ ಕಾರಣವೆಂದು ವರದಿಯಿತ್ತಿತು. ಅಲ್ಲಿಯವರೆಗೆ ಸುತ್ತಮುತ್ತಲ ಹಳ್ಳಿಗಳಲ್ಲಿ ಗಾಳಿಯನ್ನು ಲೀಟರಿನಲ್ಲಿ ಅಳೆದು, ಲಾರಿಯಲ್ಲಿ ಹೇರಿಕೊಂಡು ತರುವ ವಸ್ತುವೆಂದು ಯೋಚಿಸಿದವರು ವಿರಳ. ಆ ಬೆಳಗ್ಗೆ ಎಲ್ಲರ ಬಾಯಲ್ಲೂ ಅದೇ ಮಾತು.

ಇದಕ್ಕೆ ಒಂದು ಆಕ್ಷೇಪಣೆ ಏಳುವುದು ಸಹಜ. ಅಂದು ತಪ್ಪಿದ್ದು ಆಡಳಿತ, ರಸಾಯನಶಾಸ್ತ್ರವಲ್ಲ. ಬಾಯ್ಲನ ನಿಯಮ ತಿಳಿಯದವರು ಆ ಆಸ್ಪತ್ರೆಯಲ್ಲಿ ಯಾರಿದ್ದರು, ಹಳ್ಳಿಯ ಹುಡುಗರಿಗೆ ಅದನ್ನು ಇನ್ನಷ್ಟು ಕಲಿಸಿದ ಮಾತ್ರಕ್ಕೆ ಲಾರಿ ಬೇಗ ಬರುತ್ತಿತ್ತೆ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. ಹೊಣೆ ಯಾರದು ಎಂಬುದು ವಿಚಾರಣೆಯ ಮಾತು, ಪಾಠದ ಮಾತಲ್ಲ. ಆದರೂ ಒಂದು ಅಂಶ ಉಳಿಯುತ್ತದೆ. ಕೆರೆಯಲ್ಲಿ ನೀರು ಕಡಮೆಯಾದರೆ ಊರಿಗೆ ಊರೇ ಏರಿಯ ಮೇಲೆ ನಿಂತು ಕೇಳುತ್ತದೆ: ತೂಬು ಏಕೆ ತೆರೆದಿರಿ, ಇನ್ನೆಷ್ಟು ದಿನಕ್ಕೆ ಸಾಕು, ಮುಂದೇನು ಗತಿ? ಏಕೆಂದರೆ ನೀರಿನ ಲೆಕ್ಕ ಎಲ್ಲರಿಗೂ ಗೊತ್ತು. ಗಾಳಿಯ ಲೆಕ್ಕ ಗೊತ್ತಿಲ್ಲದ ಊರು ಯಾರನ್ನು ಏನೆಂದು ಕೇಳಬೇಕು? ಬಾಗಿಲ ಹೊರಗೆ ಕುಳಿತ ಬಂಧುಗಳಿಗೆ ಸಿಲಿಂಡರಿನ ಮೇಲಿನ ಮುಳ್ಳು ಕಾಣುತ್ತಿದ್ದರೂ ಅದು ಏನು ಹೇಳುತ್ತಿದೆಯೆಂಬುದು ತಿಳಿಯಬೇಡವೆ? ಜನರು ಎಣಿಸುವ ವಸ್ತುವನ್ನು ಅಧಿಕಾರಿಗಳೂ ಎಚ್ಚರಿಕೆಯಿಂದ ಎಣಿಸುತ್ತಾರೆ. ಜನರು ಎಣಿಸದ್ದನ್ನು ಎಣಿಸುವ ಆತುರ ಅವರಿಗೂ ಇರುವುದಿಲ್ಲ.

ಆದ್ದರಿಂದ ಅನಿಲ ಮತ್ತು ದ್ರವಗಳ ಪಾಠ ಕಪ್ಪುಹಲಗೆಯಿಂದ ಕೆಳಗಿಳಿಯಬೇಕು. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಗಾಳಿ ತುಂಬಿದ ಕಾಲ್ಚೆಂಡನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಇನ್ನಷ್ಟು ಗಾಳಿಯನ್ನು ಒತ್ತಿ ತುಂಬಿ, ಮತ್ತೆ ತೂಗಿ ನೋಡಬಹುದು. ಕೆಲವು ಗ್ರಾಂ ಹೆಚ್ಚಿರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಪಂಪಿನ ತುದಿಯನ್ನು ಮುಟ್ಟಿ ನೋಡಬಹುದು. ಒತ್ತಿದ ಗಾಳಿ ಬಿಸಿಯಾಗಿರುತ್ತದೆ. ಪಂಕ್ಚರ್ ಅಂಗಡಿಯವನನ್ನು ತರಗತಿಗೆ ಕರೆದು ಮಾಪಕ ಓದುವುದನ್ನು ತೋರಿಸಿಕೊಡೆಂದು ಕೇಳಿದರೆ ಅವನು ಸಂತೋಷದಿಂದ ಬರುತ್ತಾನೆ. ಅರಿಶಿನ ಬೇಯಿಸುವ ಮುದುಕನೂ ಬರುತ್ತಾನೆ. ಬರುವುದಿಲ್ಲವೆನ್ನುವವರು ಅವರನ್ನು ಕರೆದು ನೋಡಿದವರಲ್ಲ.

ಸಾಂಕ್ರಾಮಿಕದ ಆ ದಿನಗಳ ಅನಂತರ ನಾಡಿನ ಹಲವು ಆಸ್ಪತ್ರೆಗಳ ಅಂಗಳದಲ್ಲಿ ದ್ರವರೂಪದ ಆಮ್ಲಜನಕದ ಎತ್ತರವಾದ ಬಿಳಿಯ ತೊಟ್ಟಿಗಳು ಕಾಣಸಿಗುತ್ತವೆ. ಆಮ್ಲಜನಕವನ್ನು ಮೊತ್ತಮೊದಲು ದ್ರವವಾಗಿಸಿದ್ದು 1877ರಲ್ಲಿ, ಫ್ರಾನ್ಸಿನ ಕೇಯತೆ ಮತ್ತು ಸ್ವಿಟ್ಜರ್ಲೆಂಡಿನ ಪಿಕ್ತೆ ಎಂಬಿಬ್ಬರು ಬೇರೆಬೇರೆಯಾಗಿ. ಸೊನ್ನೆಗಿಂತ 183 ಡಿಗ್ರಿ ಕೆಳಗೆ ಅದು ಕುದಿಯುತ್ತದೆ. ಅಷ್ಟು ತಂಪಾಗಿಡಲು ತೊಟ್ಟಿಗೆ ಎರಡು ಗೋಡೆಗಳು, ನಡುವೆ ನಿರ್ವಾತ, ಮನೆಯ ಫ್ಲಾಸ್ಕಿನ ಹಾಗೆಯೇ. ಮಡಿಸಿಟ್ಟ ಅನಿಲವೆಂಬ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ. ಒಂದು ಲೀಟರು ದ್ರವ ಬಿಚ್ಚಿಕೊಂಡು ಸುಮಾರು 860 ಲೀಟರು ಅನಿಲವಾಗುತ್ತದೆ. ಆಳುದ್ದದ ಉಕ್ಕಿನ ಸಿಲಿಂಡರಿನಲ್ಲಿ ಹಿಡಿಸುವಷ್ಟು ಆಮ್ಲಜನಕ, ದ್ರವವಾದರೆ ಒಂದು ಸಣ್ಣ ಬಿಂದಿಗೆಯ ತುಂಬ. ಒಂಬತ್ತು ಹತ್ತು ಕಿಲೋಗ್ರಾಂ ಅನಿಲಕ್ಕಾಗಿ ಅದರ ಐದಾರು ಪಟ್ಟು ತೂಕದ ಕಬ್ಬಿಣವನ್ನು ಹೊರುವ ಕಷ್ಟ ಹೀಗೆ ತಪ್ಪುತ್ತದೆ. ತೊಟ್ಟಿಯ ಪಕ್ಕದಲ್ಲಿ ರೆಕ್ಕೆಗಳಿರುವ ಕೊಳವೆಗಳ ಸಾಲು ಇರುತ್ತದೆ. ದ್ರವ ಅವುಗಳ ಮೂಲಕ ಹರಿಯುತ್ತ, ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿಕೊಂಡು ಅನಿಲವಾಗುತ್ತದೆ. ಬಿರುಬೇಸಗೆಯ ನಡುಹಗಲಿನಲ್ಲಿಯೂ ಆ ಕೊಳವೆಗಳ ಮೇಲೆ ಬಿಳಿಯ ಮಂಜು ಕಟ್ಟಿರುವುದನ್ನು ನೋಡಿ ದಾರಿಹೋಕರು ನಿಲ್ಲುತ್ತಾರೆ.

ತೊಟ್ಟಿಯಲ್ಲಿ 6,000 ಲೀಟರು ದ್ರವವಿದೆಯೆಂದು ಇಟ್ಟುಕೊಳ್ಳೋಣ. ಅನಿಲದ ಲೆಕ್ಕದಲ್ಲಿ ಅದು ಐವತ್ತೊಂದು ಲಕ್ಷದ ಅರವತ್ತು ಸಾವಿರ ಲೀಟರು. ಮೊದಲು ಊಹಿಸಿದ ನೂರು ಮಂದಿ ರೋಗಿಗಳಿಗೆ ನಿಮಿಷಕ್ಕೆ ಒಟ್ಟು ಸಾವಿರ ಲೀಟರು ಬೇಕು. ಭಾಗಿಸಿದರೆ 5,160 ನಿಮಿಷ. ಎಂದರೆ ಎಂಬತ್ತಾರು ಗಂಟೆ, ಮೂರೂವರೆ ದಿನ. ನಾಲ್ಕನೆಯ ದಿನದ ನಡುಹಗಲಿನೊಳಗೆ ಮೈಸೂರಿನ ಕಡೆಯಿಂದಲೋ ಮತ್ತೆಲ್ಲಿಂದಲೋ ಇನ್ನೊಂದು ಟ್ಯಾಂಕರ್ ಬಂದು ನಿಂತಿರಬೇಕು.